ತೂಬು ಕಾಯುವವಳ ತಲೆಯ ನಕ್ಷೆ

ಖ್ರೋನಿಂಗನ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ನನ್ನ ಕೆಲಸ ನೀರನ್ನು ಹಿಂಬಾಲಿಸುವುದು.
ನರದ ಎಳೆಯನ್ನು ಈ ಯಂತ್ರದಲ್ಲಿ ಕಂಡವರಿಲ್ಲ;
ಎಳೆಯುದ್ದಕ್ಕೂ ಸರಾಗ, ಅಡ್ಡಕ್ಕೆ ತಡವರಿಸಿ
ನುಸುಳುವ ನೀರಿನ ಚಡಪಡಿಕೆ, ಅಷ್ಟೇ
ಅದಕ್ಕೆ ಕೇಳುವುದು. ಮಿಕ್ಕಿದ್ದು ಗಣಿತ,
ಮತ್ತೆ ಸ್ವಲ್ಪ ಧೈರ್ಯ.

ಎಡಬಲಕ್ಕೆ ಕೆಂಪು, ಹಿಂದುಮುಂದಕ್ಕೆ ಹಸಿರು,
ಮೇಲುಕೆಳಗಿಗೆ ನೀಲಿ.
ನೋಡಿದವರು ಅಬ್ಬಾ ಎನ್ನುತ್ತಾರೆ.
ನಾನೂ ಎನ್ನುತ್ತಿದ್ದೆ, ಮೊದಲ ಎರಡು ವರ್ಷ.

ವೀಟ್ಸ್ಕೆ ಹಾಯ್ತೆಮಾ, ಐವತ್ತೆಂಟು,
ಫ್ರೀಸ್‌ಲಾಂಡಿನ ಕಾಲುವೆಯೊಂದರ ತೂಬು ಕಾಯುವವಳು.
ಏಪ್ರಿಲಿನಲ್ಲಿ ದೋಣಿಯವನಿಗೆ ‘ನಿಲ್ಲು’ ಅನ್ನಹೋಗಿ
ಬಾಯಿಗೆ ಬಂದದ್ದು ‘ಚಮಚ’.
ಎಡಗಿವಿಯ ಮೇಲೆ, ಒಳಗೆ, ನೆಲ್ಲಿಕಾಯಿ ಗಾತ್ರದ ಗಂಟು.
ಸುತ್ತ ಬಾವು.

ಪರದೆಯ ಮೇಲೆ ತೋರಿಸಿದೆ: ಇಗೋ, ಮಾತಿನ ಹಾದಿ,
ಹಸಿರಾಗಿ ಹೊರಟು ನೀಲಿಗೆ ಬಾಗಿ, ಕುಡುಗೋಲಿನ ಹಾಗೆ.
ಗಂಟು ಅದನ್ನು ಮುರಿದಿಲ್ಲ, ಪಕ್ಕಕ್ಕೆ ತಳ್ಳಿದೆ.
ಇದಕ್ಕೇ ನಕ್ಷೆ ಬೇಕು,
ಎಲ್ಲಿ ಇಳಿಯಬಾರದು ಎಂದು
ಕತ್ತಿ ಹಿಡಿಯುವವಳಿಗೆ ಮೊದಲೇ ಹೇಳಲು.

ಅವಳು ಕನ್ನಡಕ ಏರಿಸಿದಳು.
“ನೀರು ಇಲ್ಲಿಂದ ಅಲ್ಲಿಗೋ, ಅಲ್ಲಿಂದ ಇಲ್ಲಿಗೋ?”
ತಿಳಿಯುವುದಿಲ್ಲ ಎಂದೆ.
“ಎರಡು ಕಾಲುವೆ ಅಡ್ಡ ಹಾಯ್ದರೆ?”
ಒಮ್ಮೊಮ್ಮೆ ಗೆರೆ ಅಲ್ಲೇ ನಿಲ್ಲುತ್ತದೆ. ಒಮ್ಮೊಮ್ಮೆ
ತಪ್ಪು ಕವಲಿಗೆ ಹೊರಳಿ ಇಲ್ಲದ ಊರಿಗೆ ಹೋಗುತ್ತದೆ.
“ಈ ಕಪ್ಪು?”
ಬಾವು. ಎಲ್ಲ ಕಡೆಗೂ ಹರಡಿದ ನೀರು
ದಾರಿಯ ಗುರುತು ಕೊಡುವುದಿಲ್ಲ.
“ನೆರೆ ಬಂದ ಹಾಗೆ,” ಅಂದಳು.
“ರಸ್ತೆ ಇರುತ್ತೆ, ಅಡಿಗೆ.”

ನಾನು ವರದಿಯಲ್ಲಿ ಬರೆದದ್ದು ಬರೀ ‘ಎಳೆಗಳು ಕಂಡುಬರುವುದಿಲ್ಲ’.

ಬುರುಡೆ ತೆರೆದೊಡನೆ ಮೆದುಳು ಕುಸಿಯಿತು,
ಕೆಲವೇ ಮಿಲಿಮೀಟರು. ನಿನ್ನೆಯ ನಕ್ಷೆ ನಿನ್ನೆಯದಾಯಿತು.
ವೀಟ್ಸ್ಕೆ ಎಚ್ಚರವಾಗಿದ್ದಳು, ಹಸಿರು ಬಟ್ಟೆಯ ಕೆಳಗೆ
ಚಿತ್ರಗಳ ಹೆಸರು ಹೇಳುತ್ತ: ಕುರ್ಚಿ. ಛತ್ರಿ. ಮೀನು.
ಕುಡುಗೋಲಿನ ಅಂಚಿನಲ್ಲಿ ಡಾಕ್ಟರ್ ಒಸಿಂಗಾಳ ಕೈ
ನಿಧಾನಿಸಿದ್ದು ನನ್ನ ಹಸಿರು ಗೆರೆಯಿಂದಲೇ,
ಅಷ್ಟು ಹೆಮ್ಮೆ ನನ್ನದು.
ಆಮೇಲೆ ಕಪ್ಪಿಗೆ ಬಂದಳು. ನಾನು ಖಾಲಿ ಬಿಟ್ಟ ಕಪ್ಪಿಗೆ.
ವಿದ್ಯುತ್ತಿನ ಮೊನೆ ತಾಗಿಸಿದಳು.

ಟಿಟ್ಟಿಭದ ಚಿತ್ರ.
“ಇದು... ಇದು...”
ಮೊನೆ ಎತ್ತಿದಳು.
“ಯಿಪ್!”

ಡಚ್ ಪಟ್ಟಿಯಲ್ಲಿ ಆ ಪದವಿರಲಿಲ್ಲ.
ತಪ್ಪು ಎಂದು ಗುರುತು ಹಾಕಹೊರಟಿದ್ದ ಹುಡುಗಿಯನ್ನು
ಒಸಿಂಗಾ ಕಣ್ಣಲ್ಲೇ ತಡೆದಳು:
ಅದು ಅವಳ ಅಜ್ಜಿಯ ಹಕ್ಕಿ, ಫ್ರೀಸಿಯನ್ ಹಕ್ಕಿ.
ಮತ್ತೆ ಮೊನೆ, ಮತ್ತೆ ಮೌನ. ಮೂರು ಸಲ.
ಕಪ್ಪಿನ ಮೇಲೆ ಕಾಗದದ ಚೀಟಿ ಇಟ್ಟಳು, ಅಂಕಿ ಏಳು.
ಗಂಟಿನ ಒಂದು ಚೂರನ್ನು ಅದರೊಟ್ಟಿಗೆ ಬಿಟ್ಟಳು.

ಕನ್ನಡಿಯೊಳಗಿನ ಗಂಟು ಅನ್ನುತ್ತಾರಲ್ಲ,
ಅದು ಕಣ್ಣಿಗೆ ಕಂಡೂ ಕೈಗೆ ಸಿಗದ್ದು.
ಕೈಗೆ ಸಿಕ್ಕಿಯೂ ನನ್ನ ಕನ್ನಡಿಗೆ ಕಾಣದ್ದಕ್ಕೆ
ಏನನ್ನಬೇಕೋ.

ಅಕ್ಟೋಬರಿನಲ್ಲಿ ಕಾಗದ ಬಂತು, ಅಕ್ಷರ ವಾಲಿಕೊಂಡು.
‘ನಿಲ್ಲು’ ಬರುತ್ತಿದೆಯಂತೆ. ‘ಚಮಚ’ ಮಾತ್ರ
ಕೆಲವು ಬೆಳಿಗ್ಗೆ ಸಿಗುವುದಿಲ್ಲ, ಗಂಡ ಕೊಡುತ್ತಾನಂತೆ.
ಉಳಿದ ಚೂರನ್ನು ಮೂರು ತಿಂಗಳಿಗೊಮ್ಮೆ ನೋಡುತ್ತೇವೆ.
ತೂಬಿನ ಕೋಣೆಗೆ ಆ ಬಣ್ಣದ ಚಿತ್ರ ಬೇಕಂತೆ.

ಕಳಿಸಿದೆ, ಕಪ್ಪಿನ ಮೇಲೆ
ಬಿಳಿ ಪೆನ್ಸಿಲಿನಲ್ಲಿ ಏಳು ಎಂದು ಬರೆದು.
ಬದಲಿ ಕೆಲಸಕ್ಕೆ ಬಂದ ಹುಡುಗ ಅದನ್ನು
ತಲೆಕೆಳಗಾಗಿ ಅಂಟಿಸಿದ್ದಾನಂತೆ.
ಪರವಾಗಿಲ್ಲ ಎಂದು ಮರುಬರೆದೆ. ತಲೆಕೆಳಗಾದರೂ
ನೀಲಿ ನೀಲಿಯೇ.
ಏರುವುದೋ ಇಳಿಯುವುದೋ, ಅದು ಹೇಳುವುದಿಲ್ಲ.