ಇನ್ನೂ ಹುಟ್ಟದವನಿಗೆ

ನೀನಿನ್ನೂ ಹುಟ್ಟಿಲ್ಲ.
ನಿನಗಾಗಿಯೇ ಎದ್ದು ಕೂತಿದ್ದೇನೆ, ರಾತ್ರಿ ಎರಡೂವರೆ,
ಆರ್ಯೆಪ್ಲೋಗ್ ಊರಾಚೆಯ ತಗಡಿನ ಗ್ಯಾರೇಜಿನಲ್ಲಿ.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಬಾನೆಟ್ಟಿನೊಳಗೆ ಕೈಯಿಟ್ಟರೆ
ಕೈಗವಸು ದಾಟಿ ಕಬ್ಬಿಣ ಕಚ್ಚುತ್ತದೆ.

ಬ್ರೇಕಿನ ಪೆಟ್ಟಿಗೆ ಅಂಗೈಯಗಲ,
ಅದರ ನೆನಪು ಎಳ್ಳುಕಾಳಿನಷ್ಟು.
ಇಷ್ಟು ದಿನ ಅರವತ್ತನಾಲ್ಕು ಬೈಟಿನ ಸಹಿ ಸಾಕಿತ್ತು,
ಕಂಡ ಕೂಡಲೇ ಗುರುತು ಹಿಡಿದು ಕದ ತೆಗೆಯುತ್ತಿತ್ತು.
ಹೊಸ ಸಹಿ ಎರಡು ಸಾವಿರದ ನಾನೂರ ಇಪ್ಪತ್ತು.
ಹಳೆಯ ತಂತಿಯಲ್ಲಿ ಹೋಗುವುದೋ ಎಂಟೆಂಟೇ ಬೈಟು,
ಇಡೀ ಮದುವೆ ದಿಬ್ಬಣವನ್ನು
ಒಂದೇ ತೆಪ್ಪದಲ್ಲಿ ದಾಟಿಸಿದ ಹಾಗೆ
ಕಡಿಮೆಯೆಂದರೂ ಮುನ್ನೂರಮೂರು ಸಲ.

ದಾಟಿದ್ದಾಯಿತು ಅನ್ನು. ಆಮೇಲೂ ಪ್ರತಿ ಬೆಳಗ್ಗೆ
ಅದನ್ನೆಲ್ಲ ಓದಿ ಮುಗಿಸಿಯೇ ಬ್ರೇಕು ಏಳಬೇಕು.
ಕೆಲಸಕ್ಕೆ ತಡವಾದವಳು ಕಾಯುವುದಿಲ್ಲ,
ಇಳಿಜಾರಂತೂ ಕಾಯುವುದೇ ಇಲ್ಲ.

ಮ್ಯೂನಿಕ್ಕಿನಿಂದ ಓಟ್‌ಮಾರ್ ಫೋನಿನಲ್ಲಿ ಕೇಳಿದ್ದ:
“ಎಲ್ಲಿದೆ ಆ ಯಂತ್ರ, ವೀಬ್ಕೆ? ತೋರಿಸು.
ಇಲ್ಲದ ಕಳ್ಳನಿಗೆ ಹೆದರಿ
ಪೆಟ್ಟಿಗೆಗೆ ಎರಡೆರಡು ಯೂರೋ ಜಾಸ್ತಿಯೇ?”
ತೋರಿಸಲಾರೆ.
ಹತ್ತು ವರ್ಷಕ್ಕೆ ಬಂದೀತು, ಇಪ್ಪತ್ತಕ್ಕೆ ಬಂದೀತು,
ಬಾರದೆಯೂ ಇದ್ದೀತು.
ಈ ಕಾರು ಮಾತ್ರ ಅಲ್ಲಿಯತನಕ ಓಡುತ್ತಿರುತ್ತದೆ,
ಮೂರನೆಯವರ ಕೈಗೆ, ನಾಲ್ಕನೆಯವರ ಕೈಗೆ ಹೋಗಿ,
ಹಿಂದಿನ ಸೀಟಿನಲ್ಲಿ ಯಾರದೋ ಮಗು ಬಾಯಿ ತೆರೆದು ನಿದ್ದೆ.
ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲಿಗೆ
ಅಗುಳಿ ಹಾಕಲು ನನ್ನನ್ನು ಕರೆಯಲಾರರು,
ಆಗ ನನಗೆ ಎಪ್ಪತ್ತು.

ನಾಲ್ಕಕ್ಕೆ ಸಿಗ್ವಾರ್ಡ್ ಬಂದ, ಸರೋವರ ಕಾಯುವವನು.
ಬೈರಿಗೆಯಿಂದ ಮಂಜುಗಡ್ಡೆ ಕೊರೆದು
ಕೋಲಿಳಿಸಿ ಅಳೆದ: ಅರವತ್ತೆರಡು ಸೆಂಟಿಮೀಟರು.
“ಲಾರಿಯೇ ಓಡೀತು, ದಿನಾ ಯಾಕೆ ಅಳೆಯುತ್ತೀ?” ಅಂದೆ.
“ಮೇಲಿನಿಂದ ನೋಡಿದರೆ
ಏಪ್ರಿಲ್ಲಿನಲ್ಲೂ ಹೀಗೇ ಕಾಣುತ್ತದೆ.
ನೀರು ತಿನ್ನುವುದು ಕೆಳಗಿನಿಂದ.”
ಅವನ ತಾತನ ಏಳು ಹಿಮಸಾರಂಗ
ಒಂದೇ ಮಧ್ಯಾಹ್ನ ಇದರೊಳಗೆ ಹೋದವಂತೆ.
ಏಳರ ಹೆಸರೂ ಹೇಳಿದ, ಕೊನೆಯದಕ್ಕೆ ತಡವರಿಸಿ.
ಮೂಗೊರೆಸಿಕೊಂಡ. ಕಾಫಿ ಇದೆಯಾ ಅಂದ.

ಐದೂಕಾಲಿಗೆ ಬ್ರೇಕಿನ ಪೆಟ್ಟಿಗೆ ಒಪ್ಪಿತು,
ಎಂಬತ್ತೊಂಬತ್ತು ಮಿಲಿಸೆಕೆಂಡು.
ಸರೋವರದ ಮೇಲೆ ಓಡಿಸಿ, ಒತ್ತಿದೆ. ನಿಂತಿತು.
ಹೊಸದೇನೂ ಕಾಣಲಿಲ್ಲ, ನಿನ್ನೆಯಂತೆಯೇ ನಿಂತಿತು.

ಒಟ್ಟು ತೊಂಬತ್ತೇಳು ಪೆಟ್ಟಿಗೆ ಈ ಕಾರಿನಲ್ಲಿ.
ಸ್ಟೀರಿಂಗಿನದು ಇನ್ನೂ ಹಟ ಹಿಡಿದಿದೆ.
ಎಡಗಡೆಯ ಕಿಟಕಿ ಏರಿಸುವ ಚಿಕ್ಕದೊಂದಿದೆ,
ಅದರಲ್ಲಿ ಹೊಸ ಸಹಿಗೆ ಜಾಗವೇ ಇಲ್ಲ.
ನೀನು ಬಂದರೆ ಅಲ್ಲಿಂದಲೇ ಬರುತ್ತೀ.
ಚೀಟಿಯಲ್ಲಿ ಬರೆದು
ಕಿಟಕಿಯ ಗಾಜಿಗೇ ಅಂಟಿಸಿದ್ದೇನೆ.
ಚಳಿಗೆ ಅಂಟು ಹಿಡಿಯುತ್ತಿಲ್ಲ.