ಎರಡರತನಕ ಎಣಿಸು

ಬೆಟಗೇರಿಯ ನಮ್ಮ ಹಿತ್ತಲದಾಗ ಮೂರು ತಾಮ್ರದ ಹಂಡೆ.
ಅಪ್ಪಗ ಥರ್ಮಾಮೀಟರ್ ಬ್ಯಾಡ,
ಬೆರಳದ್ದಿ ಎಣಿಸ್ತಾನ:
ಐದರತನಕ ತಡದ್ರ ಐವತ್ತು,
ಎರಡಕ್ಕ ಹೊರಗ ಬಂದ್ರ ಅರವತ್ತು,
ಒಂದಕ್ಕ ಬಂದ್ರ
ನೂಲು ನಿಂದಲ್ಲ, ಒಲಿದು.

ಹತ್ತಿನೂಲಿಗೊಂದು ಹುಟ್ಟು ಜಿಡ್ಡು ಇರತೈತಿ.
ಕಣ್ಣಿಗೆ ಕಾಣೂದಿಲ್ಲ, ನೀರಿಗೆ ಗೊತ್ತು,
ಹನಿ ಹಾಕಿದ್ರ ಹನಿಯಾಗೇ ಕುಂದರತೈತಿ.
ಸೋಡಾ ಸಾಬೂನು ಹಾಕಿ ಜಿಡ್ಡು ಬಿಡಿಸಬೇಕು,
ಎಳಿ ಸಾಯಬಾರದು.
ಇಷ್ಟ ಅವನ ವಿದ್ಯಾ.

ತೋಂಟೇಶನ ಮೊಣಕಾಲು ನಿನ್ನೆ ರಾತ್ರಿ ಬಾತು.
ಬಿದ್ದಿಲ್ಲ, ಯಾರೂ ಹೊಡದಿಲ್ಲ,
ಕುಂಟಬಿಲ್ಲೆ ಎರಡು ಮನಿ ಜಿಗದಾನ, ಅಷ್ಟ.
ಒಳಗಿನ ರಕ್ತ ಹೆಪ್ಪುಗಟ್ಟೂದು ಮರತೈತಿ.
ಅವ್ವನಿಂದ ಅಣ್ಣಗ, ನನ್ನಿಂದ ಇವಗ,
ನಮಗ ಏನೂ ಮಾಡದ
ನಮ್ಮ ಮೈಯಾಗ ಹಾದುಹೋದದ್ದು.

ಜಿಲ್ಲಾ ಆಸ್ಪತ್ರಿಯಾಗ ಸಿಸ್ಟರ್ ಸುಗುಣಾ
ಫ್ರಿಜ್ಜಿನಿಂದ ತಗದ್ಲು ಸಣ್ಣ ಶೀಸೆ,
ತಳದಾಗ ಚಿಟಿಕಿ ಬಿಳೇ ಪುಡಿ.
"ಎಷ್ಟು ಮಂದಿ ರಕ್ತದ ತಿಳಿ ಕೂಡಿಸಿದ್ರ ಇಷ್ಟಾಕ್ಕೈತಿ?"
"ಸಾವಿರಾರು ಮಂದಿದು, ಅಜ್ಜಾರ."
ಅಪ್ಪ ಕೈ ಹಿಂದಕ್ಕ ತಗೊಂಡ.

ಸಾವಿರದಾಗ ಒಬ್ಬ.
ಎಂಬತ್ತಾರರಾಗ ಅಣ್ಣ ಫಕೀರೇಶಗ
ಮುಂಬೈ ಏಜೆಂಟನ ಕೈಲೆ ಬಂದ ಶೀಸೆಯೊಳಗೂ
ಒಬ್ಬ ಇದ್ದ.
ಮಗ್ಗ ಮಾರಿ ಕೊಂಡ ಶೀಸೆ ಅದು.
ಬಾವು ಇಳೀತು, ಖಾಲಿ ಶೀಸೆ ಒಗದ್ರು,
ಮ್ಯಾಲಿನ ನಂಬರ್ ಯಾರ ನೋಡ್ತಾರ?
ಬಾಡಿಗಿ ಸೈಕಲ್ಲು ತಗೊಂಡು ಗದಗಿನ ಸ್ಟೇಷನ್ ತನಕ ಹೊಡದ.
ಐದು ವರ್ಷಕ್ಕ ಮಂದಿ ಅಂದ್ರು, ಹುಡುಗನ ತಾಟು ಬ್ಯಾರೆ ಇಡ್ರಿ.
ಅವ್ವ ಅದೇ ತಾಟಿನ್ಯಾಗ ಉಂಡ್ಲು,
ಅಂವ ಇರೂತನಕ,
ಆಮ್ಯಾಲೂ.

ಸುಗುಣಾ ಸಾವಕಾಶ ಹೇಳಿದ್ಲು:
ಆ ವೈರಸ್ಸಿಗೆ ಕೊಬ್ಬಿನ ಅಂಗಿ ಇರತೈತ್ರಿ,
ಸಾಬೂನಿನಂಥಾದ್ದು ಹಾಕಿ ಕಳೀತಾರ,
ಬತ್ತಲಾದ್ರ ಅದಕ್ಕ ನಮ್ಮೊಳಗ ಬಾಗಿಲು ಸಿಗೂದಿಲ್ಲ.
ಆಮ್ಯಾಲ ಆ ಸಾಬೂನೂ ತಗೀತಾರ.
ಅಂಗಿ ಇಲ್ಲದ ಹುಟ್ಟಿದ್ದೂ ಅದಾವ ಕೆಲವು, ಗಟ್ಟಿ ಜೀವದವು,
ಅವಕ್ಕ ಕೆಲವು ಕಂಪನಿಯವರು ಕಾಸ್ತಾರ:
ಅರವತ್ತು ಡಿಗ್ರಿ, ಹತ್ತು ತಾಸು,
ಹಾಲು ಒಡದಂಗ ಮದ್ದು ಒಡೀಬಾರದಂತ
ಸಕ್ಕರಿ ಕಾವಲಿಟ್ಟು.
"ಎಲ್ಲಾ ಸಾಯ್ತಾವೇನವಾ?"
"ಎಲ್ಲಾ ಅಂತ ಹೆಂಗ ಹೇಳ್ಲಿ. ಮತ್ತ ಸೋಸ್ತಾರ."

ಅಪ್ಪನ ತೋರಬೆರಳು
ಗಾಳಿಯೊಳಗ ಅದ್ದಿತು.
ಒಂದು.
ಎರಡು.
ಹೊರಗ ಬಂತು.

"ಇಷ್ಟ ಬಿಸೀನಾ?" ಅಂದ.
"ನಮ್ಮ ಹಿತ್ತಲದಾಗ ಇತ್ತಲ್ಲ ಇದು.
ಆ ವರ್ಷಾನೂ ದಿನಾ ಕಾಸೇನಿ."

ಸುಗುಣಾ ಸೂಜಿ ಪಾಕೀಟು ಹರಿಯೂದರಾಗ ಇದ್ಲು.
ಆ ವರ್ಷಕ್ಕೂ ಮೊದಲ ಗೊತ್ತಿತ್ತಂತ ಈ ಬಿಸಿ,
ಉಳಿದ ಹಳೀ ಮಾಲು ದೂರದ ದೇಶಕ್ಕ ಹಡಗ ಹತ್ತಿತ್ತಂತ.
ನಾ ಓದೇನಿ.
ಅಪ್ಪಗ ಹೇಳಿಲ್ಲ.

ಶೀಸೆದ ಥಂಡಿ ಬಿಡಬೇಕಿತ್ತು.
ಅಪ್ಪ ಎರಡೂ ಅಂಗೈ ನಡುವ ಇಟಗೊಂಡು ಹೊರಳಿಸಿದ,
ಉಗುರಸಂದಿಯ ನೀಲಿ ಗಾಜಿಗೆ ಹತ್ತದಂಗ.
ಅಲ್ಲಾಡಸಬ್ಯಾಡ್ರಿ, ಬುರುಗು ಏಳತೈತಿ ಅಂತ
ಅವಗ ಯಾರೂ ಹೇಳಬೇಕಾಗಿರಲಿಲ್ಲ.

ಮನಿಗೆ ಬಂದು ನೂಲಿನ ವಹಿ ತಗದ.
ಚಷ್ಮಾ ಏರಿಸಿ ಬ್ಯಾಚ್ ನಂಬರ್ ಬರಕೊಂಡ, ಒಂದೊಂದ ಅಂಕಿ.
ಅದರ ಮ್ಯಾಲ ಒಂದು ಸಾಲು ಖಾಲಿ ಬಿಟ್ಟಿದ್ದ.

"ಇದು ಯಾಕ, ಅಜ್ಜಾ?" ಅಂದ ತೋಂಟೇಶ,
ಕಾಲು ದಿಂಬಿನ ಮ್ಯಾಲ ಚಾಚಿ.