ಬಾಕಿ

ಗುದೈಬಿಯಾದ ಹಿಂಗಲ್ಲಿಯಲ್ಲಿ, ದರ್ಜಿ ಅಂಗಡಿಯ ಮೇಲೆ,
ಶುಕ್ರವಾರ ಅಸರ್ ಕಳೆದ ಮೇಲೆ ನಾವು ಬಾಗಿಲು ತೆರೆಯುತ್ತೇವೆ.
ಆರು ಪ್ಲಾಸ್ಟಿಕ್ ಕುರ್ಚಿ, ಒಂದರ ಕಾಲು ಮುರಿದದ್ದು,
ಗೊರಗೊರ ಎನ್ನುವ ಏಸಿ,
ವಕೀಲೆ ಖುಲೂದ್ ಮನೆಯಿಂದ ತಂದ ಖರ್ಜೂರದ ಡಬ್ಬಿ.
ಗೋಡೆಗೆ ನಾನೇ ಬರೆದು ಅಂಟಿಸಿದ ಹಾಳೆ:
ಮಕ್ಕಳ ಕೇಸಿಗೆ ಇಲ್ಲಿ ಫೀಸು ಇಲ್ಲ.
ಯಾರೂ ನಂಬುವುದಿಲ್ಲ ಅದನ್ನು.
ಓದಿ ಮುಗಿಸಿ, ಪರ್ಸು ಮುಟ್ಟಿ ನೋಡಿಕೊಳ್ಳುತ್ತಾರೆ.

ಮಿಕ್ಕ ದಿನ ನಾನು ಟೈಪಿಂಗ್ ಸೆಂಟರಿನವನು.
ಅರ್ಜಿಗೆ ಒಂದು ದಿನಾರ್, ತುರ್ತಾದರೆ ಒಂದೂವರೆ.
ಶುಕ್ರವಾರ ಅದೇ ಬೆರಳು, ಅದೇ ಅರಬಿ.

ಮಿಸ್ರಿಯಾ ಬಂದದ್ದು ತಮ್ಮನ ಜ್ವರದ ಚೀಟಿ ಹಿಡಿದು.
ಹದಿನಾರು ಎಂದಳು. ತಾಯಿ ಹದಿನೈದು ಎಂದಳು.
ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು,
ತೀರ್ಪು ನಾನು ಕೊಡಬೇಕೆನ್ನುವಂತೆ.

ಹುಟ್ಟಿದ್ದೆಲ್ಲಿ?
ಇದೇ ಬೀದಿ, ಮೂರನೇ ಮಾಳಿಗೆ.
ಪಕ್ಕದ ರೂಮಿನ ಫಿಲಿಪಿನೋ ನರ್ಸು ಹೊಕ್ಕುಳು ಕತ್ತರಿಸಿದ್ದು.
ನರ್ಸು ಎಲ್ಲಿ? ಊರಿಗೆ ಹೋದಳು.
ಅಪ್ಪ?
ತಾಯಿ ಕುರ್ಚಿಯ ಮುರಿದ ಕಾಲನ್ನೇ ನೋಡಿದಳು.
ನಿಕಾಹಿನ ಕಾಗದ? ಪಾಸ್‌ಪೋರ್ಟು?
ಒಂದೊಂದು ಪ್ರಶ್ನೆಗೂ ಹುಡುಗಿ
ಕುರ್ಚಿಯಲ್ಲಿ ಒಂದಿಷ್ಟು ಕಡಿಮೆಯಾಗುತ್ತ ಹೋದಳು.

ನಾನು ದುಭಾಷಿ.
ಬ್ಯಾರಿ ಮಾತಿನ ಇಲ್ಲಗಳನ್ನು
ಅರಬಿಗೆ ದಾಟಿಸುವುದು ನನ್ನ ಕೆಲಸ.
ನಮ್ಮಲ್ಲಿ ಇಲ್ಲ, ಅಲ್ಲ, ಬೇಡ, ಬಾರದು, ಕೂಡದು
ಬೇರೆ ಬೇರೆ ಹೊತ್ತಿಗೆ ಬರುತ್ತವೆ;
ಅವಳಿಗೆ ಎಲ್ಲವೂ ಒಟ್ಟಿಗೇ ಬಂದಿದ್ದವು.

ಖುಲೂದ್ ಪೆನ್ನು ಕೆಳಗಿಟ್ಟು ಕೇಳಿದರು:
ಇವಳು ಇಲ್ಲಿದ್ದಾಳೆ ಅಂತ ಯಾರು ಬರೆದಿಟ್ಟಿದ್ದಾರೆ?
ಯಾರಾದರೂ ಸರಿ. ಎಂಥ ಕಾಗದವಾದರೂ ಸರಿ.

ಶಾಲೆ ಬರೆದಿಲ್ಲ, ಸೇರಿಸಿಕೊಂಡಿಲ್ಲ.
ಆಸ್ಪತ್ರೆ ಬರೆದಿಲ್ಲ, ಹೋಗಲು ಹೆದರಿಕೆ.
ಆಗ ತಮ್ಮ, ಏಳು ವರ್ಷದ ಪೋರ,
ಖರ್ಜೂರದ ಬೀಜ ಅಂಗೈಗೆ ಉಗಿದುಕೊಂಡು
ಮೊಯ್ದುಕ್ಕ ಬರೀತಾರಲ್ಲ, ಅಂದ.

ಕೋಲ್ಡ್ ಸ್ಟೋರಿನ ಮೊಯ್ದುಕ್ಕ, ವಡಗರದವನು,
ಹದಿನೆಂಟು ವರ್ಷದ ಸಾಲದ ಪುಸ್ತಕ
ಅಕ್ಕಿ ಚೀಲದ ಹಿಂದೆ ಗಂಟು ಕಟ್ಟಿಟ್ಟಿದ್ದ.
ಯಾಕೆ ಇಟ್ಟಿದ್ದು ಎಂದರೆ,
ಕೊಡದೆ ಓಡಿದವರಿಗೆ ಕಿಯಾಮತ್ ದಿನ ತೋರಿಸಲಿಕ್ಕೆ, ಅಂದ.

ನೆಲದ ಮೇಲೆ ಕೂತೆವು.
ಎಣ್ಣೆ ಕಲೆ, ತಾರೀಖು, ಇರುವೆ ಸಾಲಿನಂಥ ಮಲಯಾಳ.
ಅವನು ಓದಿದ, ನಾನು ಗೀಚಿಕೊಂಡೆ:

ಮೂರನೇ ಮಾಳಿಗೆ, ಕೂಸಿಗೆ ಹಾಲಿನ ಪುಡಿ. ಬಾಕಿ.
ಮೂರನೇ ಮಾಳಿಗೆ, ಗ್ರೈಪ್ ವಾಟರ್. ಬಾಕಿ.
ಹುಡುಗಿ ಒಬ್ಬಳೇ ಬಂದಳು, ಹಾಲು, ಇನ್ನೂರು ಫಿಲ್ಸ್.
ಮಿಸ್ರಿಯಾ, ಪೆನ್ಸಿಲ್, ರಬ್ಬರ್. ಬಾಕಿ.
ಮಿಸ್ರಿಯಾ, ತಮ್ಮನಿಗೆ ಬಿಸ್ಕತ್ತು.
ಮಿಸ್ರಿಯಾ, ಕಪ್ಪು ಚೀಲ. ಒಳಗೆ ಏನೆಂದು ಬರೆದಿಲ್ಲ.
ಅಲ್ಲಿ ಮೊಯ್ದುಕ್ಕ ಬೇಗ ಪುಟ ಮಗುಚಿದ.

ಎರಡು ಶುಕ್ರವಾರ ಹಿಡಿಯಿತು ಟೈಪು ಮಾಡಲು.
ಹಾಲು ಹಲೀಬ್ ಆಯಿತು, ಸಕ್ಕರೆ ಸುಕ್ಕರ್ ಆಯಿತು.
ಬಾಕಿ ಎನ್ನುವಲ್ಲಿ ಬೆರಳು ನಿಂತಿತು.
ಮಂಗಳೂರಿನಲ್ಲಿ ಅದು ತೀರಿಸದ ಸಾಲ.
ಆದರೆ ಮಾತು ಇವರದೇ,
ಎಂದೋ ಹಡಗು ಹತ್ತಿ ನಮ್ಮ ಕಡೆ ಬಂದದ್ದು.
ಇಲ್ಲಿ ಅದರ ಅರ್ಥ: ಉಳಿದಿರುವುದು.
ಹೋಗದೆ, ಇನ್ನೂ ಇರುವುದು.
ಬದಲಿಸದೆ ಹಾಗೇ ಹೊಡೆದೆ, ಇನ್ನೂರ ಹದಿನೇಳು ಸಲ.

ಕೋರ್ಟು ಇನ್ನೂ ಏನೂ ಹೇಳಿಲ್ಲ.
ಎರಡು ಸಲ ತಾರೀಖು ಮುಂದೆ ಹೋಗಿದೆ.
ಖುಲೂದ್ ಮೂರನೆಯದಕ್ಕೆ ಫೈಲು ಹೊಲಿಯುತ್ತಿದ್ದಾರೆ.

ನಿನ್ನೆ ಮೊಯ್ದುಕ್ಕ, ಏನು ತೋಚಿತೋ,
ಆ ಮನೆಯ ಲೆಕ್ಕಕ್ಕೆ ಅಡ್ಡಗೀಟು ಎಳೆಯಲು ಪೆನ್ನೆತ್ತಿದ.
ಮಿಸ್ರಿಯಾ ಪುಸ್ತಕದ ಮೇಲೆ ಕೈಯಿಟ್ಟಳು.
ಬೇಡ, ಇರಲಿ, ಅಂದಳು.
ಫ್ರಿಜ್ಜಿನಿಂದ ಒಂದು ಹಾಲು ತೆಗೆದು ಕೌಂಟರಿಗಿಟ್ಟಳು:
ಬರಕೊಳ್ಳಿ. ಹೆಸರು ಪೂರ್ತಿ ಬರೀರಿ.